ಕೌಜುಗದ ಹೆಸರಿನವಳು

ನಮ್ಮ ಮೊಶಾವಿನಲ್ಲಿ, ಅಂದರೆ ಯಹೂದಿ ಬೇಸಾಯಗಾರರ ಈ ಸಹಕಾರಿ ಹಳ್ಳಿಯಲ್ಲಿ, ಅರವತ್ತು ಮನೆ, ಅರವತ್ತು ಹೊಲ. ಹೊಲವನ್ನು ಯಾರೂ ಪಾಲು ಮಾಡುವ ಹಾಗಿಲ್ಲ. ಅಪ್ಪ ಸತ್ತರೆ ಒಬ್ಬ ಮಗನಿಗೆ ಇಡಿಯಾಗಿ ಹೋಗುತ್ತದೆ, ಉಳಿದವರು ಬೇರೆ ದಾರಿ ನೋಡಿಕೊಳ್ಳಬೇಕು. ನಲವತ್ತೇಳನೆಯ ಹೊಲ ಮಾತ್ರ ಐವತ್ತು ವರ್ಷಗಳಿಂದ ಒಬ್ಬ ಹೆಂಗಸಿನ ಕೈಯಲ್ಲಿದೆ. ಅವಳ ಹೆಸರು ಹೊಗ್ಲಾ. ಈ ಸುತ್ತಿನ ಊರುಗಳಲ್ಲಿ ಆ ಹೆಸರಿನ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಅವಳ ಪಕ್ಕದಲ್ಲೇ ಕೂತವಳು ನಾನು, ಈಗಲೂ ಅವಳ ಬೇಲಿಯ ಆಚೆಗೇ ಇದ್ದೇನೆ. ಅವಳ ವಿಷಯ ಹೇಳಲು ನನಗೆ ಹಕ್ಕಿದೆ. ಸ್ವಲ್ಪ ನಾಚಿಕೆಯೂ ಇದೆ, ಯಾಕೆಂದು ಮುಂದೆ ಹೇಳುತ್ತೇನೆ.

ಅವಳ ಅಪ್ಪ ಸಬ್ತೋ, ನಮ್ಮೆಲ್ಲರ ಅಪ್ಪಂದಿರಂತೆ ದೂರದೇಶದ ಝಾಖೋ ಎಂಬ ಊರಿನ ಕಡೆಯ ಬೆಟ್ಟಗಳಿಂದ ವಲಸೆ ಬಂದವನು. ಮೊದಲ ಮಗಳಿಗೆ ತನ್ನ ತಾಯಿಯ ಹೆಸರು ಮಹ್ಲಾ ಎಂದಿಟ್ಟ. ಎರಡನೆಯದೂ ಹೆಣ್ಣಾದಾಗ ನೋವಾ ಎಂದಿಟ್ಟ. ಮೂರನೆಯದೂ ಹೆಣ್ಣೇ. ಊರಿನ ಹೆಂಗಸರು ಸಾವಿನ ಮನೆಗೆ ಹೋದವರ ಮುಖ ಮಾಡಿಕೊಂಡು ಅವನ ಅಂಗಳಕ್ಕೆ ಹೋದರಂತೆ. ನಮ್ಮಮ್ಮನೂ ಇದ್ದಳು, ನನ್ನನ್ನು ಕಂಕುಳಲ್ಲಿಟ್ಟುಕೊಂಡು.

"ಮುಂದಿನ ಸಲ ಗಂಡಾಗುತ್ತೆ ಬಿಡು ಸಬ್ತೋ," ಎಂದಳು ಒಬ್ಬಳು.

"ಯಾರು ಕೇಳಿದ್ರು ಗಂಡು?" ಎಂದ ಸಬ್ತೋ. "ಮಹ್ಲಾ, ನೋವಾ ಆಯ್ತು. ಮೂರನೆಯವಳ ಹೆಸರು ಆಗಲೇ ಬರೆದಿಟ್ಟಿದೆ. ಇವಳು ಹೊಗ್ಲಾ. ಇನ್ನೂ ಎರಡು ಹೆಸರು ಉಳಿದಿದೆ, ಆಗ ಬನ್ನಿ."

ಅಲ್ಲಿದ್ದವರಿಗೆಲ್ಲ ಆ ಕಥೆ ಗೊತ್ತಿತ್ತು. ಮೋಶೆಯ ಕಾಲದಲ್ಲಿ ಗಂಡುಮಕ್ಕಳಿಲ್ಲದೆ ಸತ್ತ ಒಬ್ಬನ ಐದು ಹೆಣ್ಣುಮಕ್ಕಳು ಎಲ್ಲ ಹಿರಿಯರ ಎದುರು ನಿಂತು, ಅಪ್ಪನ ಪಾಲಿನ ನೆಲ ನಮಗೆ ಕೊಡಿ ಎಂದು ಕೇಳಿದ್ದರು. ಕೇಳಿ ಪಡೆದರು ಕೂಡ. ಆ ಐವರಲ್ಲಿ ಮೂರನೆಯವಳು ಹೊಗ್ಲಾ. ಹೊಗ್ಲಾ ಅಂದರೆ ಕೌಜುಗ. ನಮ್ಮ ಬಾದಾಮಿ ತೋಟದ ಹಿಂದಿನ ಗುಡ್ಡದಲ್ಲಿ ಬೆಳಿಗ್ಗೆಯೆಲ್ಲ ಕೂಗುವ ದಪ್ಪ ಹಕ್ಕಿ. ಹಾರುವುದಕ್ಕಿಂತ ಓಡುವುದೇ ಹೆಚ್ಚು, ಕಲ್ಲಿನ ಬಣ್ಣವೇ ಅದರದ್ದೂ. ಸುತ್ತಿ ಕುಣಿಯುವುದು ಎಂಬ ಅರ್ಥವೂ ಆ ಮಾತಿನಲ್ಲಿ ಅಡಗಿದೆ ಎಂದು ಓದಿದವರು ಕೆಲವರು ಹೇಳುತ್ತಾರೆ. ಸಬ್ತೋಗೆ ಕೌಜುಗವೇ ಸಾಕಾಗಿತ್ತು. ಮುಂದೆ ಮಿಲ್ಕಾ, ತಿರ್ಸಾ ಎಂಬ ಇಬ್ಬರು ಹುಟ್ಟಿ ಪಟ್ಟಿ ಪೂರ್ತಿಯಾಯಿತು.

ಶಾಲೆಗೆ ಹೊಸದಾಗಿ ಪಟ್ಟಣದ ಟೀಚರ್ ಬಂದಾಗ ನಮಗೆ ಏಳು ವರ್ಷ. ಅವಳಿಗೆ ನಮ್ಮ ಹೆಸರುಗಳನ್ನು ಕಂಡರಾಗದು. ನನ್ನ ಹೆಸರು ನಾಜೆ. ಮೊದಲ ದಿನವೇ ಅದನ್ನು ಹೊಡೆದು ಹಾಕಿ ನುರಿತ್ ಎಂದು ಬರೆದಳು. ನಾನು ಕುಣಿಯುತ್ತ ಮನೆಗೆ ಹೋದೆ. ಇವತ್ತಿಗೂ ನನ್ನ ಗುರುತಿನ ಚೀಟಿಯಲ್ಲಿ ಅದೇ ಇದೆ.

"ಹೊಗ್ಲಾ? ಅಯ್ಯೋ, ಇದೆಂಥ ಅಜ್ಜಿ ಕಾಲದ ಹೆಸರು!" ಎಂದಳು ಟೀಚರ್. ಗಂಟಲ ಆಳದಿಂದ ಬರಬೇಕಾದ ಆ ಮೊದಲ ಅಕ್ಷರವನ್ನು ಅವಳು ಕಫ ತೆಗೆದಂತೆ ಹೇಳಿದಳು. "ಎಲ್ಲರೂ ನಗ್ತಾರೆ ಚಿನ್ನಾ. ಇವತ್ತಿನಿಂದ ನೀನು ಗಿಲಾ."

ಮರುದಿನ ಹಾಜರಿ ಕರೆದಾಗ ಗಿಲಾ ಎಂಬ ಹೆಸರಿಗೆ ಯಾರೂ ಓಗೊಡಲಿಲ್ಲ. ಹೊಗ್ಲಾ ನನ್ನ ಪಕ್ಕದಲ್ಲೇ ಕೈಕಟ್ಟಿ ಕೂತಿದ್ದಳು. ಟೀಚರ್ ಇನ್ನೊಮ್ಮೆ ಕರೆದಳು, ನೋಡಿದಳು, ಗೈರುಹಾಜರಿ ಎಂದು ಗುರುತು ಹಾಕಿದಳು. ಹೀಗೆ ಮೂರು ವಾರ. ಕೊನೆಗೆ ಮಗಳು ಶಾಲೆಗೆ ಬರುತ್ತಿಲ್ಲವೆಂದು ಸಬ್ತೋಗೆ ಕಾಗದ ಹೋಯಿತು. ಅವನು ಸಗಣಿ ಮೆತ್ತಿದ ಬೂಟಿನಲ್ಲೇ ತರಗತಿಗೆ ಬಂದ.

"ಇವಳು ಬರ್ತಿಲ್ವಾ?" ಎಂದ, ಮಗಳನ್ನು ತೋರಿಸಿ.

"ಬರ್ತಾಳೆ. ಕರೆದ್ರೆ ಮಾತಾಡಲ್ಲ."

"ನೀವು ಯಾರನ್ನ ಕರೀತಿದೀರಿ ಅಂತ ಇವಳಿಗೆ ಗೊತ್ತಾಗ್ಬೇಕಲ್ಲ ಮೇಡಂ. ಒಂದ್ಸಲ ಸರಿಯಾಗಿ ಕರೆದು ನೋಡಿ."

ಟೀಚರ್ ಕೆಂಪಾದಳು. ಹೊಗ್ಲಾ ಎಂದಳು. "ಇದೀನಿ!" ಎಂದು ಪಕ್ಕದ ತರಗತಿಗೂ ಕೇಳಿಸುವಂತೆ ಕೂಗಿದಳು ಅವಳು.

ಹದಿನೆಂಟಕ್ಕೆ ಎಲ್ಲ ಹುಡುಗ ಹುಡುಗಿಯರಂತೆ ಕಡ್ಡಾಯದ ಸೇವೆಗೆಂದು ಸೈನ್ಯಕ್ಕೆ ಹೋದಾಗ ಇನ್ನೊಂದು ಪೀಡೆ ಕಾದಿತ್ತು. ಅಷ್ಟರಲ್ಲಿ ಅಂಗಡಿಗಳಲ್ಲಿ ಅದೇ ಹೆಸರಿನ ಟಾಯ್ಲೆಟ್ ಪೇಪರ್ ಬಂದಿತ್ತು. ಶಿಬಿರದ ಹುಡುಗರು ಸುಮ್ಮನಿರುತ್ತಾರೆಯೇ? "ಹೊಗ್ಲಾ, ಎರಡು ಹಾಳೆ ಕೊಡೇ!" ಎಂದು ಒಬ್ಬ ಊಟದ ಸಾಲಿನಲ್ಲಿ ಕೂಗಿದ.

"ನಿನಗೆ ಎರಡು ಸಾಲಲ್ಲ ಕಣೋ, ಬಾಯಿಗೂ ಒಂದು ಬೇಕು," ಎಂದಳಂತೆ ಇವಳು, ತಟ್ಟೆಯಿಂದ ಕಣ್ಣೆತ್ತದೆ. ಹೆಸರು ಬದಲಿಸುವ ಅರ್ಜಿ ತರಿಸಿಕೊಡುತ್ತೇನೆಂದು ಅವಳ ಮೇಲಿನ ಅಧಿಕಾರಿ ಕನಿಕರದಿಂದ ಹೇಳಿದ. ಪೇಪರಿನವರು ಬೇಕಾದರೆ ಅರ್ಜಿ ಹಾಕಿಕೊಳ್ಳಲಿ ಎಂದಳು.

ಸಬ್ತೋ ತೀರಿಕೊಂಡಾಗ ಅವಳಿಗೆ ಇಪ್ಪತ್ತನಾಲ್ಕು. ಅಮ್ಮ ಮುಂಚೆಯೇ ತೀರಿಕೊಂಡಿದ್ದಳು, ಉಳಿದ ನಾಲ್ವರು ಅಕ್ಕತಂಗಿಯರು ಮದುವೆಯಾಗಿ ಬೇರೆ ಬೇರೆ ಊರು ಸೇರಿದ್ದರು. ಅಪ್ಪನ ಕೊನೆಯ ಮೂರು ವರ್ಷ ಹಸುಗಳನ್ನು ಕರೆದು, ಟ್ರಾಕ್ಟರ್ ಓಡಿಸಿ, ಬಾದಾಮಿ ಮರಗಳ ಕೊಂಬೆ ಸವರಿ ನೋಡಿಕೊಂಡವಳು ಇವಳೇ. ದುಃಖದ ಏಳು ದಿನ ಮುಗಿದ ಮರುದಿನವೇ ಊರಿನ ಸಮಿತಿಯ ಮುಖ್ಯಸ್ಥ ಶಬ್ತಾಯಿ ಅವಳ ಮನೆಗೆ ಬಂದ. ಹೊಲ ಚಿಕ್ಕಪ್ಪನ ಮಗ ಎಫ್ರಾಯಿಮನಿಗೆ ಹೋಗಬೇಕೆಂದು ಸಮಿತಿ ತೀರ್ಮಾನಿಸಿದೆ ಎಂದ.

"ಯಾಕೆ?"

"ಹುಡುಗಿ ಕೈಗೆ ಹೊಲ ಕೊಟ್ಟ ಪದ್ಧತಿ ನಮ್ಮಲ್ಲಿ ಇಲ್ಲ ಕಣಮ್ಮ."

"ಮೋಶೆಯ ಕಾಲದಿಂದ ಇದೆ. ನೀವು ಪ್ರತಿ ವರ್ಷ ಸಿನಗಾಗಿನ ಪ್ರಾರ್ಥನೆಯಲ್ಲಿ ಅದನ್ನ ಓದುವಾಗ ನಿದ್ದೆ ಮಾಡ್ತೀರಾ?"

ಶಬ್ತಾಯಿ ಬುದ್ಧಿವಂತ. "ನಾನು ಕೊನೇವರೆಗೂ ಎದ್ದೇ ಇರ್ತೀನಿ ಹೊಗ್ಲಾ," ಎಂದ. "ಆ ಐದು ಜನಾನೂ ಕೊನೆಗೆ ಯಾರನ್ನ ಮದುವೆ ಆದ್ರು? ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೇ. ನೆಲ ಮನೆತನದ ಹೊರಗೆ ಹೋಗ್ಬಾರದು ಅಂತ. ಎಫ್ರಾಯಿಮ್‌ಗೂ ಇನ್ನೂ ಮದುವೆ ಆಗಿಲ್ಲ. ನೀನು ಹೂಂ ಅಂದ್ರೆ ಹೊಲಾನೂ ಉಳಿಯುತ್ತೆ, ಮಾತೂ ಉಳಿಯುತ್ತೆ."

"ಅವರು ಆದ್ರು, ನಾನು ಆಗಲ್ಲ," ಎಂದಳು ಹೊಗ್ಲಾ. "ಅಪ್ಪ ನನಗೆ ಅವಳ ಹೆಸರು ಕೊಟ್ಟಿದಾನೆ, ಅವಳ ಗಂಡನ್ನಲ್ಲ."

ವಿಷಯ ಊರಿನ ಸಭೆಗೆ ಬಂತು. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರಿಗೂ ಮತವಿದೆ, ಆದರೆ ಗಂಡನ ಕೈ ಎದ್ದರೆ ಹೆಂಡತಿಯ ಕೈಯೂ ಏಳುತ್ತಿದ್ದ ಕಾಲ ಅದು. ಹೊಗ್ಲಾಳ ಪರವಾಗಿ ಇರುವವರು ಕೈ ಎತ್ತಿ ಎಂದಾಗ ನನ್ನ ಗಂಡ ಯೋನಾ ನನ್ನ ಕಡೆ ಒಂದು ನೋಟ ನೋಡಿದ. ನನ್ನ ಕೈ ಮಡಿಲಲ್ಲೇ ಉಳಿಯಿತು. ಒಟ್ಟು ಹನ್ನೊಂದು ಕೈ ಎದ್ದವು. ಹೊಗ್ಲಾ ಒಂದೊಂದನ್ನೂ ನೋಡಿದಳು. ಎದ್ದ ಕೈಗಳನ್ನಲ್ಲ, ಏಳದೆ ಇದ್ದವನ್ನು. ನನ್ನದನ್ನೂ. ನನ್ನ ನಾಚಿಕೆ ಅದೇ.

ಬಾದಾಮಿ ಕೊಯ್ಲು ಮುಗಿಯುವುದರೊಳಗೆ ಮನೆ ಬಿಡು ಎಂದು ಸಮಿತಿ ಕಾಗದ ಕಳಿಸಿತು. ಅವಳು ಅದನ್ನು ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿದಳು. ಸಮಿತಿ ಅವಳ ಹೊಲದ ನೀರಿನ ಕೊಳವೆ ಮುಚ್ಚಿಸಿತು. ಮರುದಿನ ಬೆಳಿಗ್ಗೆ ಏಳೂವರೆಗೆ, ಊರೆಲ್ಲ ಕಚೇರಿ ಪಕ್ಕದ ಡೈರಿಗೆ ಹಾಲು ಹಾಕಲು ಬಂದು ನಿಂತಿರುವಾಗ, ಹೊಗ್ಲಾ ಟ್ರಾಕ್ಟರ್ ತಂದು ಸಮಿತಿ ಕಚೇರಿಯ ಬಾಗಿಲಿಗೇ ನಿಲ್ಲಿಸಿದಳು. ಹಿಂದಿನ ಗಾಡಿಯಲ್ಲಿ ಹತ್ತು ಖಾಲಿ ಹಾಲಿನ ಕ್ಯಾನು. ಕಚೇರಿಯ ನಲ್ಲಿಗೆ ಪೈಪು ಸಿಕ್ಕಿಸಿ ತುಂಬತೊಡಗಿದಳು.

"ಏನಿದು?" ಎಂದು ಶಬ್ತಾಯಿ ಹೊರಬಂದ.

"ನೀರು."

"ಇದು ಸಮಿತಿ ನಲ್ಲಿ!"

"ಹಸುಗೆ ಗೊತ್ತಾಗಲ್ಲ, ಬಿಡಿ."

ದಿನವೂ ಹೀಗೇ ನಡೆಯಿತು. ಶಬ್ತಾಯಿ ಎರಡು ಸಲ ನಲ್ಲಿಯ ಹಿಡಿ ಕಳಚಿಟ್ಟ. ಅವಳು ಇಕ್ಕಳ ತಂದಳು. ಒಂದು ಕಡೆ ಗಂಡಸರು ಬೈಯುತ್ತಿದ್ದರು, ಇನ್ನೊಂದು ಕಡೆ ಹೆಂಗಸರು ಸುಮ್ಮನೆ ನೋಡುತ್ತಿದ್ದರು. ಮೂರನೆಯ ವಾರ ನಮ್ಮ ನೆರೆಯ ಒಬ್ಬಳು ಹೋಗಿ ಕ್ಯಾನಿನ ಇನ್ನೊಂದು ಹಿಡಿ ಹಿಡಿದಳು.

ಆಮೇಲೆ ಹೊಗ್ಲಾ ಮನೆಮನೆಗೆ ಹೊರಟಳು, ಗಂಡಸರು ಹೊಲದಲ್ಲಿರುವ ಹೊತ್ತು ನೋಡಿ. ನಮ್ಮ ಮನೆಗೆ ಬಂದಾಗ ನಾನು ಒಳಗೆ ಮಾಂಸ ತುಂಬಿ ಕುಬ್ಬೆ ಉಂಡೆ ಕಟ್ಟುತ್ತಿದ್ದೆ, ಕೈಯೆಲ್ಲ ಹಿಟ್ಟು. ನನಗೆ ಆಗ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಮೇಜಿನ ಕೆಳಗೆ ಆಡುತ್ತಿದ್ದರು.

"ನಾಜೆ," ಎಂದಳು. ಆ ಹೆಸರಿನಿಂದ ನನ್ನನ್ನು ಕರೆಯುವವಳು ಈಗ ಅವಳೊಬ್ಬಳೇ. "ನಾನು ಬೇಡಿಕೊಳ್ಳೋಕೆ ಬಂದಿಲ್ಲ. ಆವತ್ತು ಏಳದೆ ಇದ್ದ ಆ ಕೈ ಯಾರದ್ದು, ನಿನ್ನದೋ ಯೋನಾದೋ ಅಂತ ಕೇಳೋಕೆ ಬಂದೆ."

"ಯೋನಾ ಮನೆಯಲ್ಲಿ ರಂಪ ಮಾಡ್ತಾನೆ ಕಣೇ."

"ಮಾಡ್ಲಿ. ಎಷ್ಟು ದಿನ ಮಾಡ್ತಾನೆ? ಇವರು," ಎಂದು ಮೇಜಿನ ಕೆಳಗೆ ತೋರಿಸಿದಳು, "ಇವರು ನಾಳೆ ಕೇಳಿದ್ರೆ ಏನ್ ಹೇಳ್ತೀಯಾ, ಅದನ್ನ ಯೋಚನೆ ಮಾಡು." ಒಂದು ಹಸಿ ಕುಬ್ಬೆಯನ್ನು ಕೈಗೆತ್ತಿಕೊಂಡು, ಚೂರು ಹಿಟ್ಟು ನಾಲಿಗೆಗಿಟ್ಟು ನೋಡಿ, "ಉಪ್ಪು ಕಮ್ಮಿ ಹಾಕಿದೀಯ," ಎಂದು ಇಟ್ಟು ಹೋದಳು. ಮುಖಕ್ಕೆ ಹೊಡೆದಂತೆ ಮಾತಾಡುವವಳು ಅವಳು, ಆಗಲೂ ಈಗಲೂ.

ಅಕ್ಟೋಬರಿನಲ್ಲಿ, ಹೆಂಗಸರ ಒತ್ತಾಯಕ್ಕೆ, ಅದೇ ವಿಷಯದ ಮೇಲೆ ಎರಡನೆಯ ಸಭೆ ಸೇರಿತು. ಹೊಗ್ಲಾಳ ಪರ ಯಾರು ಎಂದು ಶಬ್ತಾಯಿ ಕೇಳಿದಾಗ ಮೊದಲು ಎದ್ದದ್ದು ನನ್ನ ಕೈಯೆಂದು ಬರೆಯಲು ಆಸೆ, ಆದರೆ ಅದು ಸುಳ್ಳು. ನನಗಿಂತ ಮುಂಚೆ ಏಳೆಂಟು ಕೈ ಎದ್ದವು. ಆಮೇಲೆ ನನ್ನದು. ಯೋನಾ ನನ್ನ ಮೊಣಕೈ ಹಿಡಿದು ಎಳೆದ. ನಾನು ಇನ್ನೊಂದು ಕೈ ಎತ್ತಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಸಾಲುಸಾಲಾಗಿ ಹೆಂಗಸರ ಕೈ ಏಳತೊಡಗಿದವು.

ಪರ ಐವತ್ತೊಂದು ಬಂತು. ವಿರುದ್ಧ ಇರುವವರು ಎತ್ತಿ ಎಂದಾಗ ಎಲ್ಲರೂ ಎಫ್ರಾಯಿಮನ ತಾಯಿ ಖಾತೂನ್ ಕಡೆ ತಿರುಗಿದರು. ಅವಳು ಕೈ ಎತ್ತಲಿಲ್ಲ. "ಅಮ್ಮಾ!" ಎಂದ ಎಫ್ರಾಯಿಮ್. "ನನ್ನ ಅಪ್ಪನ ಹೊಲ ನನ್ನ ಅಣ್ಣನಿಗೆ ಹೋಯ್ತು," ಎಂದಳು ಮುದುಕಿ. "ಆವತ್ತು ನನ್ನನ್ನ ಯಾರೂ ಒಂದ್ ಮಾತು ಕೇಳ್ಲಿಲ್ಲ. ಇವತ್ತು ಕೇಳ್ತಿದೀರಾ? ನಾನು ಎತ್ತಲ್ಲ." ವಿರುದ್ಧ ನಲವತ್ತೆಂಟು. ಎಫ್ರಾಯಿಮ್ ಎರಡು ವರ್ಷ ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ಹೈಫಾ ಬಂದರಿನಲ್ಲಿ ಕ್ರೇನ್ ಓಡಿಸುವ ಕೆಲಸ ಸಿಕ್ಕಿ, ಹೊಲಕ್ಕಿಂತ ಅದೇ ವಾಸಿ ಎಂದು ಅವನೇ ಹೇಳುತ್ತಿದ್ದ.

ಹೊಗ್ಲಾ ಹೊರಗಿನವನನ್ನೇ ಮದುವೆಯಾದಳು, ಹಾಲಿನ ಲಾರಿಯ ಡ್ರೈವರ್ ಸಾದ್ಯಾನನ್ನು. ಅವನು ಯೆಮನ್ ಕಡೆಯವನು, ಮಾತು ಕಮ್ಮಿ, ಹಾಡು ಹೆಚ್ಚು. ಒಬ್ಬಳೇ ಮಗಳು, ಕೆರೆನ್. ಸಾದ್ಯಾ ತೀರಿಹೋಗಿ ಆರು ವರ್ಷವಾಯಿತು.

ಹೆಸರುಗಳ ವಿಷಯ ವಿಚಿತ್ರ. ಅವಳ ಅಕ್ಕ ನೋವಾಳದ್ದು ಈಗ ದೇಶಕ್ಕೆಲ್ಲ ಅಂಟಿದ ಹೆಸರು. ಶಿಶುವಿಹಾರದ ಬಾಗಿಲಲ್ಲಿ ನೋವಾ ಎಂದರೆ ನಾಲ್ಕು ತಲೆ ತಿರುಗುತ್ತವೆ. ಮಿಲ್ಕಾ ಚಾಕಲೇಟಿನ ಮೇಲೆ ಬಂತು, ತಿರ್ಸಾ ಅಲ್ಲಲ್ಲಿ ಸಿಗುತ್ತದೆ. ಹೊಗ್ಲಾ ಎಂದು ಯಾರೂ ಇಡುವುದಿಲ್ಲ. ಹೋದ ವರ್ಷ ಕೆರೆನ್‌ಗೆ ಹೆಣ್ಣುಮಗುವಾದಾಗ ನಮ್ಮಲ್ಲಿ ಬದುಕಿರುವ ಅಜ್ಜಿಯ ಹೆಸರಿಡುವುದು ರೂಢಿಯಾದ್ದರಿಂದ ನಾವೆಲ್ಲ ಕಾದೆವು. ಕೆರೆನ್ ಅಂಗಳದಲ್ಲಿ ನಮ್ಮೆದುರೇ ತಡವರಿಸಿದಳು.

"ಅಮ್ಮಾ, ನಾವು ನೋವಾ ಅಂತ ಇಡೋಣ ಅಂದ್ಕೊಂಡಿದೀವಿ. ಬೇಜಾರು ಮಾಡ್ಕೋಬೇಡ. ಶಾಲೆಯಲ್ಲಿ ಮಕ್ಕಳು..."

"ನಾನು ಕೇಳಿದ್ನಾ?" ಎಂದಳು ಹೊಗ್ಲಾ. ಕೇಳಿರಲಿಲ್ಲ, ನಿಜ. ಆದರೆ ಅವಳ ಮುಖ ಒಂದು ಗಳಿಗೆ ಸಪ್ಪೆಯಾದದ್ದನ್ನು ನಾನು ಕಂಡೆ. ಆಮೇಲೆ ಗಲ್ಲ ಮೇಲೆತ್ತಿದಳು. "ನನ್ನಕ್ಕನ ಹೆಸರು, ಒಳ್ಳೇದೇ. ನನ್ನ ಹೆಸರು ಯಾರಿಗೂ ಉಳಿಸಿ ಹೋಗ್ಬೇಕು ಅಂತೇನಿಲ್ಲ. ನಾನೇ ಪೂರ್ತಿ ಸವೆಸಿ ಹೋಗ್ತೀನಿ."

ಮಗುವನ್ನು ನನ್ನ ತೋಳಿಗೆ ಕೊಟ್ಟು, ಬೂಟು ಹಾಕಿಕೊಂಡು ಹಾಲು ಕರೆಯಲು ಹೋದಳು. ಎಪ್ಪತ್ತಮೂರು ವರ್ಷ ಅವಳಿಗೆ. ಈ ಕೆಲಸಕ್ಕೆ ಆಳು ಇಟ್ಟುಕೋ ಎಂದು ಡಾಕ್ಟರು ಮೂರು ಸಲ ಹೇಳಿದ್ದಾರೆ. ಮೂರು ಸಲವೂ ಅವರಿಗೆ ಏನು ಉತ್ತರ ಸಿಕ್ಕಿತೆಂಬುದನ್ನು ಇಲ್ಲಿ ಬರೆಯುವಂತಿಲ್ಲ.