ಓಬಳಪ್ಪ ಹೇಳಿದ ಸುಳ್ಳು

ಬಂಡ್ರಿಯ ಓಬಳಪ್ಪ ಹತ್ತೊಂಬತ್ತನೇ ವಯಸ್ಸಿಗೆ ಕ್ಲೀನರ್ ಆಗಿ ಅದಿರಿನ ಲಾರಿ ಹತ್ತಿದವನು. ಆಮೇಲೆ ಡ್ರೈವರ್ ಆದ. ಈಗ ಯಶವಂತನಗರದ ಲಾರಿ ಕಂಪನಿಯೊಂದರಲ್ಲಿ ನಲವತ್ತು ಗಾಡಿಗಳ ಸೂಪರ್‌ವೈಸರ್. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಮಾಲೀಕ ಮಲ್ಲೇಶನ ಎದುರಿಗೆ ಮಾತ್ರ ಬಾಯಿಗೆ ಬೀಗ. ಮಲ್ಲೇಶ್ ಕೆಟ್ಟವನಲ್ಲ. ಆದರೆ ಕೆಟ್ಟ ಸುದ್ದಿ ಬಂದರೆ ತಂದವನ ಮೇಲೆಯೇ ಹರಿಹಾಯುತ್ತಿದ್ದ.

ಹೋದ ವರ್ಷ ಒಂದೇ ತಿಂಗಳಲ್ಲಿ ಇಬ್ಬರು ಮ್ಯಾನೇಜರುಗಳು ಕೆಲಸ ಬಿಟ್ಟಾಗ, ಮಲ್ಲೇಶ್ ಹೊಸಪೇಟೆಯಿಂದ ಕೆಲಸದವರನ್ನು ನಡೆಸಿಕೊಳ್ಳುವುದು ಹೇಗೆಂದು ಮಾಲೀಕರಿಗೆ ಕಲಿಸುವ ಪೂಜಿತಾ ಎಂಬ ಕೋಚ್ ಒಬ್ಬಳನ್ನು ಕರೆಸಿದ. ವಾರಕ್ಕೊಮ್ಮೆ ಬಂದು ಮೊದಲು ಮಾಲೀಕನ ಜೊತೆ, ಆಮೇಲೆ ಒಬ್ಬೊಬ್ಬರ ಜೊತೆ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

“ಕಬಡ್ಡಿಗೆ ಕೋಚ್ ಇರ್ತಾರ, ಸಾವ್ಕಾರ್ರಿಗೆ ಎಂಥಾ ಕೋಚು? ಯಾರನ್ನ ಮನಿಗೆ ಕಳಿಸ್ಬೇಕು ಅಂತ ಪಟ್ಟಿ ಮಾಡಾಕ ಬಂದಾಳ” ಎಂದ ಓಬಳಪ್ಪ, ಹೆಂಡತಿ ಕರೆಮ್ಮನಿಗೆ.

ಅವನ ಸರದಿಯೂ ಬಂತು. “ಇಲ್ಲಿ ಹೇಳಿದ್ದು ಮಾಲೀಕರ ತನಕ ಹೋಗಲ್ರಿ” ಎಂದಳು ಪೂಜಿತಾ. ಆ ಮಾತೇ ಅವನ ಅನುಮಾನದ ಬೆಂಕಿಗೆ ತುಪ್ಪ ಸುರಿಯಿತು. ಗಾಡಿಗಳ ಬಗ್ಗೆ, ಮುಂದಿನ ವರ್ಷ ಹಾಕಿಸಬೇಕಾದ ಟೈರುಗಳ ಬಗ್ಗೆ ಅರ್ಧ ತಾಸು ಮಾತಾಡಿ, ಏಳುವಾಗ, ಮಾಲೀಕನ ಕಿವಿಗೆ ಬೀಳುತ್ತದೋ ನೋಡೋಣವೆಂದು, ಬೇಕೆಂದೇ ಒಂದು ಸುಳ್ಳು ಬಿಟ್ಟ: “ಸಂಡೂರಿನ ಬ್ಯಾರೆ ಕಂಪನಿ ಕರದೈತ್ರಿ. ಮುಂದಿನ ತಿಂಗ್ಳು ನಾ ಇಲ್ಲಿ ಇರಲ್ಲ.”

ಅಂದಿನಿಂದ ಮಲ್ಲೇಶನ ಮುಖ ನೋಡುತ್ತಾ ಕಾಯತೊಡಗಿದ. ಒಂದು ವಾರ ಹೋಯಿತು, ಎರಡಾಯಿತು. ಮಾಲೀಕ ಏನೂ ಕೇಳಲಿಲ್ಲ. ಆಕೆ ಹೇಳಲಿಲ್ಲವೋ, ಹೇಳಿದರೂ ‘ಹೋದ್ರ ಹೋಗ್ಲಿ’ ಅಂದನೋ? ಓಬಳಪ್ಪನಿಗೆ ಊಟ ರುಚಿಸದಾಯಿತು.

ಮೂರನೇ ವಾರದ ಮೀಟಿಂಗಿನಲ್ಲಿ ಮಲ್ಲೇಶ್ ಗಂಟಲು ಸರಿಮಾಡಿಕೊಂಡು ಕೇಳಿದ: “ಓಬಳಪ್ಪ, ನಾ ಬೈತೀನಿ ಅಂತ ನೀ ಮುಚ್ಚಿಟ್ಟಿದ್ದು ಏನರ ಐತೇನು?”

ಇದು ಬಲೆಯೇ ಎನಿಸಿತು ಅವನಿಗೆ. ಆದರೆ ಅವತ್ತು ಬೆಳಿಗ್ಗೆ ಘಾಟ್ ಇಳಿದು ಬಂದ ಡ್ರೈವರ್ ಹಂಪೇಶ್ ನೆಲ ಮುಟ್ಟಿ ಕೈಮುಗಿದದ್ದು ಕಣ್ಣಿಗೆ ಕಟ್ಟಿತ್ತು.

“ಮೂರು ಗಾಡಿ ಬ್ರೇಕ್ ಸರಿಗಿಲ್ರಿ. ದೇವ್ರ ಮ್ಯಾಲೆ ಭಾರ ಹಾಕಿ ಓಡಿಸ್ತೀವಿ.”

ಮಲ್ಲೇಶನ ಮುಖ ಕೆಂಪೇರಿತು, ಬಾಯಿ ತೆರೆಯಿತು. ಎಲ್ಲರೂ ತಲೆ ತಗ್ಗಿಸಿದರು. ಮಲ್ಲೇಶ್ ಬೈಯದೆ ನೀರು ಕುಡಿದ.

“ಎಷ್ಟು ದಿನದಿಂದ?”

“ಎರಡು ತಿಂಗ್ಳಾತ್ರಿ.”

“ಈಗಿಂದೀಗ ನಿಲ್ಸು.”

ಬಿಚ್ಚಿ ನೋಡಿದರೆ ಹಂಪೇಶನ ಗಾಡಿಯ ಬ್ರೇಕ್ ಪೈಪು ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗಾಗಿತ್ತು. ಹಂಪೇಶ್ ಓಬಳಪ್ಪನ ಎರಡೂ ಕೈ ಹಿಡಿದುಕೊಂಡು ನಿಂತ.

ಮುಂದಿನ ವಾರ ಓಬಳಪ್ಪ ಪೂಜಿತಾಳ ಮುಂದೆ ತಪ್ಪೊಪ್ಪಿಕೊಂಡ. “ಆ ನೌಕರಿ ಮಾತು ಸುಳ್ರೀ ಮೇಡಂ.”

“ಗೊತ್ತಿತ್ರಿ. ಬಿಟ್ಟು ಹೋಗೋರು ಮುಂದಿನ ವರ್ಷದ ಟೈರಿನ ಚಿಂತಿ ಮಾಡಲ್ಲ.”

ಅವನಿಗೆ ನಗು ಬಂತು. ಆದರೂ ಮೇಜಿನ ಮೇಲಿದ್ದ ನೋಟ್‌ಬುಕ್ಕಿನ ಕಡೆ ಕಣ್ಣು ಹೋಯಿತು. “ಅದರಾಗ ನನ್ ಬಗ್ಗೆ ಏನ್ ಬರದೀರಿ, ತೋರಿಸ್ರಿ ನೋಡಾಮ.”

“ಬ್ಯಾಡ್ರಿ. ಬ್ಯಾರೆಯವರ ಮಾತೂ ಇದರಾಗ ಅದಾವ” ಎಂದು ಆಕೆ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಓಬಳಪ್ಪನಿಗೆ ಸಮಾಧಾನವಾಯಿತು. ತೋರಿಸಿದ್ದರೆ ಆಕೆಯನ್ನು ಅವನು ಜನ್ಮದಲ್ಲಿ ನಂಬುತ್ತಿರಲಿಲ್ಲ.