ವಿಶಾಖಪಟ್ಟಣದಿಂದ ಅಕ್ಕನ ಮಾತಿನವರೆಗೆ

ವಿಜಯವಾಡಕ್ಕೆ ಹೋಗುವಾಗಲೆಲ್ಲ ನಾನು ವಿಶಾಖಪಟ್ಟಣದ ಅಂಚಿನ ದುವ್ವಾಡದಲ್ಲಿ ರೈಲು ಹತ್ತುತ್ತಿದ್ದೆ. ಮುನ್ನೂರೈವತ್ತು ಕಿಲೋಮೀಟರು, ಸುಮಾರು ಆರು ತಾಸು. ಆ ಶನಿವಾರ ಮಾತ್ರ ಹಲವು ಪಟ್ಟು ದರ ಕೊಟ್ಟು ವಿಮಾನ ಹಿಡಿದೆ. ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ಅಕ್ಕನಿಗೆ ಮಾತು ಮರಳಿತ್ತು. ಆದರೆ ಬಂದದ್ದು ಕನ್ನಡ ಮಾತ್ರ, ತೆಲುಗು ಹೋಗಿಬಿಟ್ಟಿತ್ತು. ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿಲ್ಲ, ನೀನು ಬೇಗ ಬಾ ಎಂದು ಅವಳ ಗಂಡ ಫೋನ್ ಮಾಡಿದ್ದರು. ಅವರನ್ನು ನಾನು ಅಲ್ಲಿನ ರೂಢಿಯಂತೆ ಬಾವಗಾರು ಎನ್ನುತ್ತೇನೆ.

ಅಕ್ಕ ಹಾವೇರಿಯವಳು. ಸಿಕಂದರಾಬಾದಿನಲ್ಲಿ ಕೆಲಸಕ್ಕಿದ್ದಾಗ ಪರಿಚಯವಾದವರನ್ನು ಮದುವೆಯಾಗಿ ವಿಜಯವಾಡದ ತೆಲುಗು ಮನೆ ಸೇರಿದಳು. ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ, ಇನ್ನು ಅಕ್ಕನೊಡನೆ ಮನಸಾರೆ ಮಾತಾಡಬಹುದೆಂದು ಹಿಗ್ಗಿದ್ದೆ. ಆದರೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ತೆಲುಗಿನಲ್ಲಿ ಉತ್ತರಿಸುತ್ತಿದ್ದಳು. ಪ್ರತಿ ಸಲವೂ ಮಾತಿನ ಅದೇ ಹಸಿವಿನಲ್ಲಿ ಎಂವಿಪಿ ಕಾಲೋನಿಯ ನನ್ನ ಮನೆಗೆ ಮರಳುತ್ತಿದ್ದೆ.

ವಿಮಾನ ಸಮುದ್ರದ ಮೇಲೆ ಅರ್ಧ ಸುತ್ತು ಹಾಕಿ ತಿರುಗಿತು. ನೇರ ದಾರಿ ಮುನ್ನೂರು ಕಿಲೋಮೀಟರು, ಒಂದೇ ತಾಸು. ರೈಲಿನಲ್ಲಿ ಎಷ್ಟು ಹೊತ್ತಾದರೂ ಮುಗಿಯದ ಗೋದಾವರಿ ಕಿಟಕಿಯಲ್ಲಿ ಮಿಂಚಿ ಹಿಂದೆ ಸರಿಯಿತು. ವಿಜಯವಾಡದ ವಿಮಾನ ನಿಲ್ದಾಣವಿರುವ ಗನ್ನವರದಲ್ಲಿ ಇಳಿದಾಗ ಬಿಸಿಲು ಆಗಲೇ ಸುಡುತ್ತಿತ್ತು. ಅಲ್ಲಿಂದ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹೋದೆ.

ಬಾವಗಾರು ಅಕ್ಕನ ಬಲಗೈ ತಿಕ್ಕುತ್ತ ಕೂತಿದ್ದರು.

"ಕುಡಿ, ಕುಡಿ ಅಂಟೋಂದಿ," ಎಂದರು.

ಕುಡಿ ಕುಡಿ ಅನ್ನುತ್ತಿದ್ದಾಳೆ ಎಂದು. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಸ್ವಾಧೀನ ತಪ್ಪಿದ ಬಲಭಾಗ ನೋಯುತ್ತಿದೆಯೆಂದು ತಿಳಿದು ನಿನ್ನೆಯಿಂದ ತಿಕ್ಕುತ್ತಲೇ ಇದ್ದರಂತೆ. ಅಕ್ಕ ನೋಡುತ್ತಿದ್ದುದು ಮಾತ್ರ ಸ್ಟೂಲಿನ ಮೇಲೆ ಕೆನೆಗಟ್ಟಿದ್ದ ಅವರ ಕಾಫಿಯನ್ನು.

"ತಮ್ಮಾ, ಹೇಳೋ ಇವರಿಗೆ," ಎಂದಳು, ತಡವರಿಸುತ್ತ. "ಕಾಫಿ... ಆರಾಕತ್ತೈತಿ."

ಕುಡೀರಿ ಎನ್ನುವುದು ಅವಳ ಬಾಯಲ್ಲಿ ಅರ್ಧಕ್ಕೇ ನಿಂತಿತ್ತು. ಅವಳು ನಿಮಗೆ ಕುಡಿಯಲು ಹೇಳುತ್ತಿದ್ದಾಳೆ ಎಂದು ತಿಳಿಸಿದೆ. ಬಾವಗಾರು ಲೋಟ ಎತ್ತಿ, ಗೋಡೆಯ ಕಡೆ ಮುಖ ಮಾಡಿ, ಆ ತಣ್ಣನೆಯ ಕಾಫಿಯನ್ನು ತಳದವರೆಗೂ ಕುಡಿದರು.

ಮರುದಿನ ಸಂಜೆಯವರೆಗೆ ಅಲ್ಲೇ ಇದ್ದು ಅವರಿಗೆ ನೋವು, ಸಾಕು, ಬೇಡ ಎಂಬಂಥ ಮಾತುಗಳನ್ನು ಕಲಿಸಿದೆ. ಅಕ್ಕ ತುಂಡುತುಂಡಾಗಿ ನಮ್ಮ ಓಣಿಯ ಸುದ್ದಿ ಕೇಳಿದಳು. ತೆಲುಗು ನಿಧಾನವಾಗಿ ಮರಳಬಹುದು ಎಂದರು ಡಾಕ್ಟರು. ಬಾವಗಾರು ಕೈ ಮುಗಿದರು. ನಾನೂ ಅದನ್ನೇ ಬೇಡಿಕೊಂಡೆ, ಆದರೆ ಅಷ್ಟು ಬೇಗ ಬೇಡವೆಂದು ಮನಸ್ಸು ಒಳಗೊಳಗೇ ಹಟ ಹಿಡಿಯಿತು.

ಸೋಮವಾರ ಬ್ಯಾಂಕಿತ್ತು. ಭಾನುವಾರ ಸಂಜೆಯ ವಿಮಾನದಲ್ಲಿ ವಿಶಾಖಪಟ್ಟಣಕ್ಕೆ ಬಂದಿಳಿದು ಫೋನ್ ತೆರೆದರೆ ಬಾವಗಾರು ಅಕ್ಕನ ಧ್ವನಿ ಕಳಿಸಿದ್ದರು: "ತಮ್ಮ ಮುಟ್ಟಿದನೇನ್ರಿ?"

ತೆಲುಗಿನಲ್ಲಿ ಮುಟ್ಟುವುದೆಂದರೆ ಸೋಕುವುದಷ್ಟೇ. ಯಾರನ್ನು ಮುಟ್ಟಬೇಕಂತೆ ಎಂದು ಕೇಳಿದ್ದರು ಬಾವಗಾರು. ನಮ್ಮ ಕಡೆ ಮುಟ್ಟುವುದೆಂದರೆ ಊರು ತಲುಪುವುದು, ತಲುಪಿದನೆಂದು ಹೇಳಿ ಎಂದು ತೆಲುಗಿನಲ್ಲಿ ಬರೆದೆ. ಆಮೇಲೆ ಆ ಧ್ವನಿಯನ್ನು ಮತ್ತೆ ಮತ್ತೆ ಕೇಳುತ್ತ, ಸಾಮಾನು ಬರುವ ಬೆಲ್ಟಿನ ಮುಂದೆ ಎಲ್ಲರೊಡನೆ ನಿಂತೇ ಇದ್ದೆ. ನನ್ನ ಹತ್ತಿರ ಹೆಗಲಚೀಲ ಬಿಟ್ಟರೆ ಬೇರೆ ಸಾಮಾನೇ ಇರಲಿಲ್ಲ.