ಛತ್ರಿಯ ಮೇಲಿನ ಕೌದಿ

ತಪ್ಪು ಅಕ್ಷರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ ಗೆಳೆಯರೇ, ನಾನು ಕಲಿತದ್ದು ಐದನೆಯ ತರಗತಿಯವರೆಗೆ ಮಾತ್ರ. ಯಾರ ಎದುರೂ ಬಾಯಿ ಬಿಡದ ನಾನು ಇವತ್ತು ಮಾತಾಡಿಬಿಟ್ಟೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಟಿವಿ ಇಲ್ಲ. ಗೋಕಾಕದಿಂದ ತಂದ ಹಳೆಯ ಲ್ಯಾಪ್‌ಟಾಪಿಗೆ ಚಾನೆಲ್ ಹಿಡಿಯುವ ಬೆರಳುದ್ದದ ಟ್ಯೂನರ್ ಚುಚ್ಚಿ, ಮಾಳಿಗೆಯ ಡಿಶ್ ಛತ್ರಿಯ ವೈರು ಜೋಡಿಸಿದ್ದೇನೆ. ಮೊಣಕಾಲು ನೋವಿನ ಅವ್ವ ಮುಂಜಾನೆ ಅದರಲ್ಲೇ ಭಜನೆ ನೋಡುತ್ತಾಳೆ. ಇವತ್ತು ನೋಡಿದರೆ ‘ಸಿಗ್ನಲ್ ಇಲ್ಲ’. ಟ್ಯೂನರ್ ಕಿತ್ತು ಇನ್ನೊಂದು ಕಿಂಡಿಗೆ ಹಾಕಿದೆ, ಚಾನೆಲ್ ಮತ್ತೆ ಹುಡುಕಿಸಿದೆ. ಏನೂ ಬರಲಿಲ್ಲ.

ಬಾಜೂ ಮನೆಯಾಕೆ, ನಾವೆಲ್ಲ ಕಾಕು ಎನ್ನುವವರು, ನಮ್ಮ ಬಾಗಿಲಲ್ಲಿ ನಿಂತು ನಕ್ಕರು. “ಆ ಆಟಿಗಿ ಸಾಮಾನದಾಗ ಟಿವಿ ಬರತೈತೇನೋ? ನಿಮ್ಮವ್ವನ್ನ ನಮ್ಮ ಮನಿಗಿ ಕಳಿಸು. ಹೊಸ್ತಲದಾಗ ಕುಂತು ನೋಡ್ಲಿ.”

ಅವ್ವ ತಲೆ ತಗ್ಗಿಸಿದಳು.

“ನಮ್ಮವ್ವ ಯಾರ ಹೊಸ್ತಲದಾಗೂ ಕುಂದ್ರೂದಿಲ್ರಿ ಕಾಕು” ಎಂದವನೇ ಮಾಳಿಗೆ ಹತ್ತಿದೆ.

ನಮ್ಮ ಛತ್ರಿಯ ಮೇಲೆ ಯಾರೋ ಹಳೆ ಸೀರೆ ಹೊಲಿದ ದಪ್ಪ ಕೌದಿ ಒಣಹಾಕಿದ್ದರು. ಅದರ ಭಾರಕ್ಕೆ ಛತ್ರಿ ನೆಲ ನೋಡುತ್ತಿತ್ತು. ಕೌದಿ ಕಾಕುವಿನದೇ, ನಿನ್ನೆ ಒಗೆದದ್ದು; ಅವರ ಮಾಳಿಗೆ ನಮ್ಮದಕ್ಕೆ ಅಂಟಿಕೊಂಡೇ ಇದೆ. ಅದನ್ನು ತೆಗೆದು ಛತ್ರಿಯನ್ನು ಮೆಲ್ಲಗೆ ಎತ್ತಿ ತಿರುಗಿಸಿದೆ.

ಕೆಳಗಿನಿಂದ ಅವ್ವ ಕೂಗಿದಳು, “ಬಂತು! ಅಯ್ಯ, ಹೋತು ನೋಡು. ಹಾಂ, ಬಂತು ಬಂತು, ಕೈ ಬಿಡು!”

ಕೌದಿ ಹಿಡಿದು ಕೆಳಗಿಳಿದೆ. “ನನ್ನ ಕೌದಿ ಕೊಡೋ” ಎಂದರು ಬಾಗಿಲಲ್ಲೇ ನಿಂತಿದ್ದ ಕಾಕು, ಈಗ ನಗದೆ.

“ಒಳಗ ಬಂದು ಒಯ್ರಿ.”

ಅವರಿನ್ನೂ ಬಂದಿಲ್ಲ. ಕೌದಿ ಚೆನ್ನಾಗಿ ಒಣಗಿತ್ತು, ಮಡಚಿ ಅವ್ವನ ಪಕ್ಕದಲ್ಲಿ ಹಾಸಿದ್ದೇನೆ. ಬಂದರೆ ಅವರೂ ಕೂತು ಭಜನೆ ನೋಡಲಿ. ನಮ್ಮಲ್ಲಿ ಹೊಸ್ತಿಲ ಮೇಲೆ ಯಾರನ್ನೂ ಕೂರಿಸುವುದಿಲ್ಲ.